ಎರಡನೇ ಬದಿಯ ಕೊನೆಯ ಹಾಡು

ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡು ಟೈಲರ್ ತನ್ನ ಸತ್ತ ಗೆಳೆಯನ ಕೋಟಿನ ಬೆನ್ನನ್ನು ಎರಡೂವರೆ ಇಂಚು ಒಳಗೆ ಹಿಡಿಯುತ್ತಿದ್ದ. ಮೂವತ್ತು ವರ್ಷದ ಹಿಂದೆ ತಾನೇ ಹೊಲಿದುಕೊಟ್ಟ ಕೋಟು. ಆಗ ಅದನ್ನು ತೊಡುವವನಿಗೆ ಹೊಟ್ಟೆ ಇತ್ತು, ಭುಜ ಇತ್ತು, ಬಾಯಂತೂ ಕೇಳಲೇಬೇಡಿ. ಆಸ್ಪತ್ರೆಯ ಎರಡು ತಿಂಗಳಲ್ಲಿ ಮೂರೂ ಕರಗಿಹೋಗಿದ್ದವು. ಹನ್ನೊಂದಕ್ಕೆ ಅಂತ್ಯಕ್ರಿಯೆ. ಗಡಿಯಾರ ಎಂಟೂಕಾಲು ತೋರಿಸುತ್ತಿತ್ತು.

"ಮಾಮ, ಆಯ್ತಾ?"

ಸತ್ತವನ ಮಗಳು ಬಾಗಿಲಲ್ಲಿ ನಿಂತಿದ್ದಳು. ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಎಲ್ಲಿ ನಿಂತರೂ ದನಿ ತಗ್ಗಿಸಿಯೇ ಮಾತು. ಟೈಲರ್ ಸೂಜಿಗಳ ಸಂದಿಯಿಂದ "ಹೂಂ" ಅಂದ.

"ಇನ್ನೊಂದು ವಿಷಯ. ಚಿತಾಗಾರದಲ್ಲಿ ಒಂದು ಹಾಡು ಹಾಕಿಸಬಹುದಂತೆ. ಒಂದೇ. ರೆಕಾರ್ಡ್ ಪ್ಲೇಯರ್ ಅವರ ಹತ್ರಾನೇ ಇದೆ. ಅಪ್ಪನ ರೆಕಾರ್ಡುಗಳಲ್ಲಿ ಯಾವುದು ತಗೊಂಡು ಹೋಗ್ಲಿ, ಹೇಳಿ."

ಟೈಲರ್ ಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದ. "ನನ್ನನ್ನ ಕೇಳ್ಬೇಡಮ್ಮ. ನಾನು ಎದುರು ಪಾರ್ಟಿ."

"ಇವತ್ತೂನಾ?"

"ಇವತ್ತಂತೂ ಕೇಳಲೇಬೇಡ. ಅವನ ಲ್ಯಾಂಟರ್ನ್ ಹಾಡನ್ನ ಫೆರಿಯವನು ಆರಿಸಿಕೊಟ್ಟ ಅಂತ ಗೊತ್ತಾದ್ರೆ ಅವನು ಎದ್ದು ಕೂತ್ಕೋತಾನೆ. ನೀನೇ ನೋಡಿ ತಗೋ."

ಮಗಳು ನಕ್ಕಳು, ಆಮೇಲೆ ನಕ್ಕಿದ್ದಕ್ಕೆ ನಾಚಿಕೊಂಡು ಮೂಗು ಒರೆಸಿಕೊಂಡಳು. ಟೈಲರ್ ತಮಾಷೆಗೆ ಹೇಳಿರಲಿಲ್ಲ.

ವಿಷಯ ಇಷ್ಟೇ. ಇವರ ಹರೆಯದಲ್ಲಿ ದೂರದೇಶದ ಎರಡು ರಾಕ್ ಬ್ಯಾಂಡ್‌ಗಳು ಲೋಕವನ್ನು ಎರಡು ಪಾಲು ಮಾಡಿಕೊಂಡಿದ್ದವು. ಒಂದು ಟಿನ್ ಲ್ಯಾಂಟರ್ನ್, ಇನ್ನೊಂದು ಫೆರಿಮೆನ್. ಲೋಕ ಅದನ್ನು ಎಂದೋ ಮರೆತು ಬೇರೆ ಜಗಳಗಳಿಗೆ ಹೊರಟುಹೋಯಿತು. ಈ ಬೀದಿ ಮರೆಯಲಿಲ್ಲ. ಭಾನುವಾರ ಬೆಳಗ್ಗೆ ಟೈಲರ್ ಅಂಗಡಿಯಲ್ಲಿ ಸೇರುತ್ತಿದ್ದ ಏಳೆಂಟು ಮಂದಿಯಲ್ಲಿ ಮೊದಮೊದಲು ಅರ್ಧಕ್ಕರ್ಧ ಲ್ಯಾಂಟರ್ನ್ ಕಡೆ. ವರ್ಷ ಕಳೆದಂತೆ ಒಬ್ಬ ಊರು ಬಿಟ್ಟ, ಒಬ್ಬ ಸತ್ತ, ಒಬ್ಬ ನಾಚಿಕೆಯಿಲ್ಲದೆ ಪಾರ್ಟಿ ಬದಲಿಸಿದ. ಕೊನೆಗೆ ಉಳಿದವನು ಲಿಫ್ಟ್ ರಿಪೇರಿ ಮಾಡುತ್ತಿದ್ದ ಈ ಗೆಳೆಯ ಒಬ್ಬನೇ. ಬೀದಿ ಅವನನ್ನು ಲ್ಯಾಂಟರ್ನಪ್ಪ ಎಂದೇ ಕರೆಯಿತು. ನಿನ್ನೆ ಬೆಳಗ್ಗೆ ಆ ಕಡೆ ಪೂರ್ತಿ ಖಾಲಿಯಾಯಿತು.

* * *

ಅವರಿಬ್ಬರ ಪರಿಚಯವಾದದ್ದೇ ಜಗಳದಿಂದ. ಟೈಲರ್‌ಗೆ ಆಗ ಇಪ್ಪತ್ತೈದು. ಆರನೇ ಮಹಡಿಯ ವಕೀಲರಿಗೆ ಎರಡು ಸೂಟು ಒಪ್ಪಿಸಲು ಹೋಗುತ್ತಿದ್ದಾಗ ಲಿಫ್ಟ್ ನಾಲ್ಕು ಮತ್ತು ಐದರ ನಡುವೆ ನಿಂತುಬಿಟ್ಟಿತು. ಒಳಗೆ ಟೈಲರ್ ಮತ್ತು ತರಕಾರಿ ಚೀಲ ಹಿಡಿದ ಒಬ್ಬ ಅಜ್ಜಿ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಸ್ಪ್ಯಾನರ್ ಸದ್ದು, ಅದರ ಜೊತೆ ಒಂದು ಶಿಳ್ಳೆ ಕೇಳಿಸಿತು. ಲ್ಯಾಂಟರ್ನ್ ಹಾಡಿನ ಶಿಳ್ಳೆ.

ಟೈಲರ್ ಸುಮ್ಮನಿರಬೇಕಿತ್ತು. ಇರಲಿಲ್ಲ. "ರೀ, ಮೇಲಿನವರೇ, ಆ ಟ್ಯೂನು ಫೆರಿಯವರಿಂದ ಕದ್ದದ್ದು, ಗೊತ್ತಾ ನಿಮಗೆ?"

ಶಿಳ್ಳೆ ನಿಂತಿತು. ಸ್ಪ್ಯಾನರೂ ನಿಂತಿತು.

"ಏನಂದ್ರಿ?"

"ಕದ್ದದ್ದು ಅಂದೆ."

"ಆ ಮಾತು ವಾಪಸ್ ತಗೊಳ್ಳಿ. ಲಿಫ್ಟ್ ಬಿಡ್ತೀನಿ."

"ತಗೊಳ್ಳಲ್ಲ. ನಿಮ್ಮ ಮೇಲಿನವರಿಗೆ ದೂರು ಕೊಡ್ತೀನಿ."

"ಮೊದಲು ಹೊರಗೆ ಬನ್ನಿ, ಆಮೇಲೆ ಕೊಡುವಿರಂತೆ."

ಹೀಗೇ ಇಪ್ಪತ್ತು ನಿಮಿಷ. ಯಾವ ಹಾಡು ಯಾವ ವರ್ಷ ಬಂತು, ಯಾರು ಯಾರನ್ನು ನೋಡಿ ಕಲಿತರು, ಎಲ್ಲವೂ ಆ ಕತ್ತಲ ಕೊಳವೆಯೊಳಗೆ ಮೇಲಕ್ಕೂ ಕೆಳಕ್ಕೂ ಓಡಾಡಿತು. ಕೊನೆಗೆ ಅಜ್ಜಿ ಚೀಲ ಕೆಳಗಿಟ್ಟು ಕತ್ತು ಮೇಲೆತ್ತಿ ಹೇಳಿದಳು: "ಅಪ್ಪಾ, ಇವನು ಸೋತ ಅಂತ ನಾನು ಬರೆದುಕೊಡ್ತೀನಿ. ನನ್ನನ್ನ ಇಳಿಸು."

ಐದನೇ ಮಹಡಿಯಲ್ಲಿ ಬಾಗಿಲು ತೆರೆದಾಗ ಎದುರಿಗೆ ಗ್ರೀಸ್ ಮೆತ್ತಿದ ಒಬ್ಬ ಸಣ್ಣ ಪ್ರಾಯದವನು ನಿಂತಿದ್ದ. ಟೈಲರ್‌ನನ್ನು ಬಿಟ್ಟು ಲಿಫ್ಟಿನ ಗೋಡೆಗೆ ಕಿವಿಯಿಟ್ಟು ಒಂದು ಚಣ ಕಣ್ಣು ಮುಚ್ಚಿದ. "ಎಡಗಡೆ ರಾಟೆ ಸವೆದಿದೆ, ಇನ್ನೊಂದು ತಿಂಗಳು ಬಂದ್ರೆ ಹೆಚ್ಚು," ಎಂದು ತನಗೇ ಹೇಳಿಕೊಂಡ. ಆಮೇಲೆ ಟೈಲರ್‌ನ ಕಡೆ ತಿರುಗಿ, "ಭಾನುವಾರ ಎಲ್ಲಿ ಸಿಗ್ತೀರಿ?" ಎಂದು ಕೇಳಿದ.

* * *

ಮುಂದಿನ ಕೋಣೆಯ ಮೇಜು ಕುರ್ಚಿಗಳನ್ನು ಗೋಡೆಗೆ ಸರಿಸಿ ಶವಪೆಟ್ಟಿಗೆಗೆ ಜಾಗ ಮಾಡಿದ್ದರು. ಟೈಲರ್ ಕೋಟು ತೊಡಿಸಿದ, ಕಾಲರ್ ನೇರ ಮಾಡಿದ, ತೋಳಿನ ಸುಕ್ಕನ್ನು ಹೆಬ್ಬೆರಳಿನಿಂದ ತೀಡಿದ. ಅಚ್ಚುಕಟ್ಟಾಗಿ ಕೂತಿತು. ಬದುಕಿದ್ದಾಗ ಈ ಮನುಷ್ಯ ಒಂದು ದಿನವೂ ಅಳತೆಗೆ ನೆಟ್ಟಗೆ ನಿಂತವನಲ್ಲ. ಟೇಪು ಹಿಡಿದರೆ ಸಾಕು, ಕೈ ಬೀಸಿ ಡ್ರಮ್ಮು ಬಾರಿಸಿ ತೋರಿಸುತ್ತಿದ್ದ.

ಲ್ಯಾಂಟರ್ನಪ್ಪನ ಹೆಂಡತಿ ಕಿಟಕಿಯ ಹತ್ತಿರ ಕುಳಿತಿದ್ದಳು. ಅತ್ತು ಮುಗಿಸಿದ್ದಳು, ಇನ್ನೊಂದು ಸುತ್ತಿಗೆ ಇನ್ನೂ ಹೊತ್ತಿತ್ತು.

"ಚೆನ್ನಾಗಿ ಕಾಣ್ತಾರಣ್ಣ," ಅಂದಳು.

"ಕೋಟು ಚೆನ್ನಾಗಿದೆ ಅತ್ತಿಗೆ. ಅವನು ಇದ್ದ ಹಾಗೇ ಇದಾನೆ."

ಅವಳು ಸಣ್ಣಗೆ ನಕ್ಕಳು. ಆಮೇಲೆ ಗಂಡನ ಮುಖ ನೋಡುತ್ತಲೇ ಹೇಳಿದಳು: "ನಿಮಗೆ ಗೊತ್ತಲ್ಲ ಅಣ್ಣ, ಇವರು ಎಲ್ಲದಕ್ಕೂ ತಲೆ ಆಡಿಸಿದವರು. ಇವರ ಕೈಕೆಳಗೆ ಕಲಿತವನಿಗೆ ಬಡ್ತಿ ಕೊಟ್ರು, ಸರಿ ಅಂದ್ರು. ಎದುರು ಮನೆಯವನು ನಮ್ಮ ಬೆಳಕಿಗೆ ಅಡ್ಡ ಗೋಡೆ ಎಬ್ಬಿಸಿದ, ಇರ್ಲಿ ಬಿಡು ಅಂದ್ರು. ಮದುವೆ ಮನೇಲಿ ನಮ್ಮಣ್ಣ ಎಲ್ಲರೆದುರು ಹೀಯಾಳಿಸಿದ, ನಕ್ಕೊಂಡು ಊಟ ಮಾಡಿದ್ರು. ಎಷ್ಟು ಸಲ ಸಿಟ್ಟು ಬಂದಿದೆ ನನಗೆ. ಆ ಲ್ಯಾಂಟರ್ನ್ ಒಂದಕ್ಕೆ ಮಾತ್ರ ಬಗ್ಗಲಿಲ್ಲ. ನನಗೆ ಆ ಹಾಡಿನ ತಲೆಬುಡ ಗೊತ್ತಿಲ್ಲ, ಡಬ್ಬ ಬಡಿದ ಹಾಗಿರುತ್ತೆ. ಆದ್ರೂ ಒಂದರಲ್ಲಾದ್ರೂ ನನ್ನ ಗಂಡ ಸೋಲಲಿಲ್ಲವಲ್ಲ ಅಂತ ಒಂದು ಹೆಮ್ಮೆ ಅಣ್ಣ. ಅದನ್ನ ಇಟ್ಕೊಂಡು ಉಳಿದ ದಿನ ಕಳೀತೀನಿ."

ಟೈಲರ್ ಕಾಲರನ್ನು ಮತ್ತೊಮ್ಮೆ ಮುಟ್ಟಿ ನೋಡಿದ. "ಸೋಲಲಿಲ್ಲ ಅತ್ತಿಗೆ. ನಾನು ಸಾಕ್ಷಿ."

ಒಳಗಿನ ಕಪಾಟಿನಿಂದ ಮಗಳು ಒಂದು ರೆಕಾರ್ಡ್ ಹಿಡಿದುಕೊಂಡು ಬಂದಳು. ಲ್ಯಾಂಟರ್ನ್‌ನ ಮೂರನೇ ರೆಕಾರ್ಡಿನ ಕವರು. ಅಂಚೆಲ್ಲ ಸವೆದು ಹತ್ತಿಯಂತಾಗಿತ್ತು, ಬೆನ್ನಿಗೆ ಎರಡು ಸಲ ಟೇಪು ಅಂಟಿಸಿತ್ತು.

"ಇದೇ ಇರ್ಬೇಕು," ಅಂದಳು. "ಲೈಬ್ರರಿಯಲ್ಲಿ ಹಾಗೇ ಅಲ್ವಾ, ಜನರಿಗೆ ಯಾವ ಪುಸ್ತಕ ಪ್ರಾಣವೋ ಅದರ ಬೆನ್ನು ಕಿತ್ತಿರುತ್ತೆ. ಬೇರೆ ಯಾವುದೂ ಇಷ್ಟು ಸವೆದಿಲ್ಲ."

"ಒಮ್ಮೆ ಹಾಕಿ ನೋಡಿದ್ಯಾ?" ಎಂದು ತಾಯಿ ಕೇಳಿದಳು.

"ಇಲ್ಲಮ್ಮ. ಈಗ ಮನೇಲಿ ಅದು ಕೇಳಿಸಿದ್ರೆ ನನ್ನ ಕೈಲಾಗಲ್ಲ. ಅಲ್ಲೇ ಕೇಳೋಣ."

ಟೈಲರ್ ಎದುರು ಪಾರ್ಟಿಯವನಾದರೂ ಒಪ್ಪಿ ತಲೆದೂಗಿದ. ಮೂರನೇ ರೆಕಾರ್ಡಿನ ಬಗ್ಗೆ ಲ್ಯಾಂಟರ್ನಪ್ಪ ಆಡದ ಮಾತಿರಲಿಲ್ಲ. ಹುಡುಗಿ ಸರಿಯಾದದ್ದನ್ನೇ ಆರಿಸಿದ್ದಾಳೆ ಅಂದುಕೊಂಡ.

* * *

ಲ್ಯಾಂಟರ್ನ್‌ನವರ ಕೊನೆಯ ರೆಕಾರ್ಡು ಬಂದ ವಾರವನ್ನು ಟೈಲರ್ ಮರೆತಿಲ್ಲ. ಹಳೆಯ ಡ್ರಮ್ಮರ್ ಬಿಟ್ಟುಹೋಗಿದ್ದ, ಹಾಡುಗಾರನ ಗಂಟಲು ಹೋಗಿತ್ತು, ಯಾರದೋ ಮಾತು ಕೇಳಿ ಕುಣಿತದ ಕ್ಲಬ್ಬಿಗೆ ಹೊಂದುವ ಹಾಡು ಮಾಡಿದ್ದರು. ಕೇಳಿದವರೆಲ್ಲ ಹಣೆ ಚಚ್ಚಿಕೊಂಡರು. ಫೆರಿ ಪಾರ್ಟಿಗೆ ಹಬ್ಬ. ಅದೇ ಬೀದಿಯ ಬೇಕರಿಯವನಂತೂ ಶನಿವಾರವೇ ಬಂದು, "ನಾಳೆ ಲ್ಯಾಂಟರ್ನಪ್ಪನ ಮುಖ ನೋಡೋಕೆ ನಾನು ಒಲೆ ಆರಿಸಿ ಬರ್ತೀನಿ" ಎಂದು ಹೇಳಿ ಹೋದ.

ಭಾನುವಾರ ಲ್ಯಾಂಟರ್ನಪ್ಪ ಎಲ್ಲರಿಗಿಂತ ಮೊದಲು ಬಂದ. ಮೂಲೆಯ ಸ್ಟೂಲಿನ ಮೇಲೆ ಕೂತ. ಕಣ್ಣು ಕೆಂಪಾಗಿತ್ತು. "ರೆಕಾರ್ಡಿಂಗ್ ಮಾಡಿದವರು ಹಾಳು ಮಾಡಿದ್ದಾರೆ. ಹಾಡಿನ ತಪ್ಪಲ್ಲ," ಅಂದ. ಹೇಳಿದ್ದು ತನಗೇ ನಂಬಿಕೆ ಬಾರದ ದನಿಯಲ್ಲಿ.

ಟೈಲರ್ ಅವನನ್ನು ನೋಡಿದ. ಗುಂಡುಸೂಜಿ ಡಬ್ಬಿ ತೆಗೆದು ಹಿಡಿ ಸೂಜಿಯನ್ನು ಬಾಯಿಗೆ ತುಂಬಿಕೊಂಡ. ಯಾರೋ ಬಿಟ್ಟುಹೋಗಿದ್ದ ಪರದೆ ಬಟ್ಟೆಯನ್ನು ಹರವಿಕೊಂಡು ಸೂಜಿ ಚುಚ್ಚುವುದು, ಕೀಳುವುದು, ಮತ್ತೆ ಚುಚ್ಚುವುದು ಮಾಡುತ್ತಾ ಕೂತ. ಬೇಕರಿಯವನು ಬಂದು "ಹೇಳೋ ಟೈಲರ್, ನಿನ್ನ ಗೆಳೆಯನಿಗೆ ನಾಲ್ಕು ಮಾತು ಹೇಳೋ" ಎಂದು ಎಷ್ಟು ಕೆಣಕಿದರೂ ಬರೀ "ಹೂಂ, ಹೂಂ." ಮಧ್ಯಾಹ್ನದವರೆಗೂ ಬಾಯಿಂದ ಸೂಜಿ ತೆಗೆಯಲಿಲ್ಲ. ತುಟಿ ಎರಡು ಕಡೆ ಒಡೆದಿತ್ತು.

ಮುಂದಿನ ಭಾನುವಾರ ಲ್ಯಾಂಟರ್ನಪ್ಪ ಹೊಸ ಹುರುಪಿನಿಂದ ಬಂದು ಫೆರಿಯ ಗಿಟಾರಿನವನ ಜನ್ಮ ಜಾಲಾಡಿದಾಗ ಟೈಲರ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ.

* * *

ಚಿತಾಗಾರದ ಸಭಾಂಗಣ ಸಣ್ಣದು. ಮೂವತ್ತು ಕುರ್ಚಿ, ಅದರಲ್ಲಿ ಇಪ್ಪತ್ತೆರಡು ತುಂಬಿದ್ದವು. ಲಿಫ್ಟ್ ಕಂಪನಿಯಿಂದ ಇಬ್ಬರು, ಬೀದಿಯವರು, ನೆಂಟರು. ಪೆಟ್ಟಿಗೆಯ ಮುಚ್ಚಳ ಇನ್ನೂ ತೆರೆದಿತ್ತು. ಮೂಲೆಯಲ್ಲಿ ರೆಕಾರ್ಡ್ ಪ್ಲೇಯರ್. ಅದನ್ನು ನೋಡಿಕೊಳ್ಳುವ ಹೆಂಗಸು ಕವರಿನಿಂದ ರೆಕಾರ್ಡ್ ತೆಗೆದು ಬೆಳಕಿಗೆ ಹಿಡಿದಳು. ನಡುವಿನ ಚೀಟಿಯಲ್ಲಿ ಹೆಸರು ಅಳಿಸಿಹೋಗಿ ಬದಿಯ ಅಂಕೆ ಮಾತ್ರ ಉಳಿದಿತ್ತು.

"ಎರಡನೇ ಬದಿಯ ಕೊನೆ ಹಾಡಿನ ಗೆರೆ ಪೂರ್ತಿ ಬೂದಿ ಬಣ್ಣ ಆಗಿದೆ," ಎಂದು ಮಗಳಿಗೆ ಹೇಳಿದಳು. "ಅದನ್ನೇ ಜಾಸ್ತಿ ಕೇಳಿರ್ಬೇಕು. ಹಾಕ್ಲಾ?"

"ಹಾಕಿ."

ಚರಚರ ಸದ್ದು. ಒಂಟಿ ಗಿಟಾರು ಮೂರು ಸ್ವರ ನುಡಿಸಿತು. ಅಷ್ಟಕ್ಕೇ ಟೈಲರ್‌ನ ಬೆನ್ನು ನೆಟ್ಟಗಾಯಿತು. ಆಮೇಲೆ ಡ್ರಮ್ಮು ಬಂತು. ಅದು ಲ್ಯಾಂಟರ್ನ್ ಅಲ್ಲ. ಅದು ಫೆರಿ. ಫೆರಿಯಲ್ಲೂ, ಇದಕ್ಕಿಂತ ಒಳ್ಳೆಯ ಹಾಡು ಮನುಷ್ಯಮಾತ್ರದವರು ಮಾಡಿಲ್ಲ ಎಂದು ಟೈಲರ್ ನಲವತ್ತು ವರ್ಷ ಗಂಟಲು ಹರಿದುಕೊಂಡ ಹಾಡು.

ಹಿಂದಿನ ಸಾಲಿನಲ್ಲಿ ಬೇಕರಿಯವನು ತಡೆಯಲಾರದೆ ನಕ್ಕುಬಿಟ್ಟ. "ಅಯ್ಯೋ ಕಳ್ಳ. ಒಳಗೊಳಗೇ ನಮ್ಮ ಪಾರ್ಟಿ ಆಗಿದ್ನಲ್ರೋ ಇವನು." ಅವನ ಪಕ್ಕದವರೂ ನಕ್ಕರು. ಕೆಟ್ಟ ನಗುವೇನಲ್ಲ, ಪ್ರೀತಿಯದೇ. ಆದರೆ ಮುಂದಿನ ಸಾಲಿಗೆ ಅದು ನಗುವಾಗಿ ಮಾತ್ರ ಕೇಳಿಸಿತು.

ಹೆಂಡತಿ ತಿರುಗಿ ನೋಡಿದಳು. "ಯಾಕೆ ನಗ್ತಿದಾರೆ ಅಣ್ಣ? ಇದು ಲ್ಯಾಂಟರ್ನ್ ಅಲ್ವಾ?"

ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ಅಲ್ಲ ಅತ್ತಿಗೆ. ನಮ್ಮದು."

"ಕವರು ಅಪ್ಪಂದೇ," ಎಂದು ಮಗಳು ತೊದಲಿದಳು. "ನಾನು ನೋಡೇ ತಂದಿದ್ದು."

ಹೆಂಡತಿಯ ಮುಖ ಇಷ್ಟಿಷ್ಟೇ ಕಂದಿತು. "ಇದನ್ನೇ ಕೇಳ್ತಿದ್ರಾ? ಸವೆಯೋ ಅಷ್ಟು? ಹಾಗಾದ್ರೆ ಇದರಲ್ಲೂ..." ಗಂಡನ ಕಡೆ ನೋಡುವುದನ್ನು ಬಿಟ್ಟು ಮಡಿಲಲ್ಲಿದ್ದ ತನ್ನ ಕೈ ನೋಡುತ್ತಾ ಕೂತಳು.

ಈ ಗಳಿಗೆಗೆ ಟೈಲರ್ ನಲವತ್ತು ವರ್ಷ ಕಾದಿದ್ದ. ಲ್ಯಾಂಟರ್ನಪ್ಪ ಸೋತು ತಲೆ ತಗ್ಗಿಸುವ ಭಾನುವಾರವನ್ನು ಇಸ್ತ್ರಿ ಮಾಡುವಾಗ, ಗುಂಡಿ ಹೊಲಿಯುವಾಗ ಎಷ್ಟೋ ಸಲ ಕಲ್ಪಿಸಿಕೊಂಡು ಸುಖಪಟ್ಟಿದ್ದ. ಈಗ ಅದು ತಾನಾಗಿ ಬಂದು ಕಾಲಬುಡದಲ್ಲಿ ಬಿದ್ದಿತ್ತು. ಅವನಿಗೆ ಆದದ್ದು ಭಯ. ಈ ಹೆಂಗಸಿನ ಹತ್ತಿರ ಉಳಿದಿದ್ದ ಒಂದೇ ಒಂದು ಹೆಮ್ಮೆ ಇನ್ನು ಸ್ವಲ್ಪ ಹೊತ್ತಿನಲ್ಲಿ ಇವನ ಜೊತೆ ಸುಟ್ಟುಹೋಗುತ್ತದೆ ಅನ್ನಿಸಿತು.

ಎದ್ದು ಪ್ಲೇಯರ್ ಹತ್ತಿರ ಹೋದ. ಏನು ಹುಡುಕುತ್ತಿದ್ದೇನೆಂದು ಅವನಿಗೇ ಗೊತ್ತಿರಲಿಲ್ಲ. ಕವರನ್ನು ಕೈಗೆ ತೆಗೆದುಕೊಂಡ. ಒಳಗೆ ರೆಕಾರ್ಡಿಗೆ ಸುತ್ತುವ ತೆಳು ಕಾಗದದ ಚೀಲವಿತ್ತು. ಅದರ ತುಂಬ ಪೆನ್ಸಿಲ್ ಬರಹ. ಸ್ಕೇಲಿಟ್ಟು ಗೆರೆ ಹೊಡೆದು ಮನೆ ಮಾಡಿ, ತಾರೀಕು, ಜಾಗ, ದೋಷ ಎಂದು ಮೇಲೆ ಬರೆದಿತ್ತು. ಅಕ್ಷರ ಯಾರದೆಂದು ಕೇಳಬೇಕಾಗಿರಲಿಲ್ಲ.

ಟೈಲರ್ ಕನ್ನಡಕ ಹಾಕಿಕೊಂಡು ಎರಡು ಸಾಲು ಓದಿದ. ಅವನ ಎದೆ ಹಗುರಾಯಿತು.

"ನಗಬೇಡ್ರೋ," ಎಂದು ಹಿಂದಿನ ಸಾಲಿಗೆ ಕೂಗಿ ಹೇಳಿದ. "ಅವನು ಇದನ್ನ ಇಷ್ಟಪಟ್ಟು ಕೇಳಿದ್ದಲ್ಲ. ತಪ್ಪು ಹಿಡಿಯೋಕೆ ಕೇಳಿದ್ದು. ಫೆರಿ ರೆಕಾರ್ಡು ಮನೇಲಿದೆ ಅಂತ ಯಾರಿಗೂ ತಿಳೀಬಾರದು ಅಂತ ಲ್ಯಾಂಟರ್ನ್ ಕವರಿನಲ್ಲಿ ಬಚ್ಚಿಟ್ಟಿದಾನೆ. ಕೇಳಿ ಇಲ್ಲಿ."

ಲಿಫ್ಟ್ ಕಂಪನಿಯವನೊಬ್ಬ ಎದ್ದು ಬಂದು ಹಣಕಿದ. "ನಮ್ಮ ತಪಾಸಣೆ ಶೀಟ್ ಇದ್ದ ಹಾಗೇ ಇದೆಯಲ್ಲ," ಅಂದ.

ಟೈಲರ್ ಪೆಟ್ಟಿಗೆಯ ಪಕ್ಕ ನಿಂತು ಓದಿದ. "ಮೊದಲನೇ ಹಾಡು, ಎರಡನೇ ನಿಮಿಷ. ಹಾಡುಗಾರನಿಗೆ ಉಸಿರು ಸಾಲದು. ಎರಡನೇ ಹಾಡು. ಗಿಟಾರಿನವನ ಜಂಬ, ಹಾಡಿಗೆ ಸಂಬಂಧವಿಲ್ಲ. ಮೂರನೇ ಹಾಡು. ಪದಗಳಿಗೆ ಅರ್ಥವಿಲ್ಲ, ಟೈಲರ್‌ನನ್ನು ವಿಚಾರಿಸಬೇಕು. ಅದರ ಕೆಳಗೆ, ವಿಚಾರಿಸಿದೆ, ಅವನಿಗೂ ಗೊತ್ತಿಲ್ಲ. ನಾಲ್ಕನೇ ಹಾಡು. ಎರಡು ನಿಮಿಷ ಹೆಚ್ಚಾಯಿತು. ಐದನೇ ಹಾಡು. ಇದು ಹಾಡೇ ಅಲ್ಲ. ಟೈಲರ್‌ಗೆ ಹೇಳಿದೆ. ಒಪ್ಪಲಿಲ್ಲ. ಕತ್ತೆ."

ಈಗ ಎಲ್ಲರೂ ನಕ್ಕರು. ಮಗಳು ಅಳುತ್ತಲೇ ನಕ್ಕಳು. ಹೆಂಡತಿಯ ಕತ್ತು ಮೆಲ್ಲಗೆ ಮೇಲೆ ಬಂತು.

ಟೈಲರ್ ಆರನೇ ಹಾಡಿಗೆ, ಅಂದರೆ ಈಗ ಕೇಳಿಸುತ್ತಿದ್ದ ಕೊನೆಯ ಹಾಡಿಗೆ ಬಂದ. ಇಲ್ಲಿ ಒಂದು ಸಾಲಿಲ್ಲ, ಕಾಗದದ ಅರ್ಧಭಾಗವಿತ್ತು. ತಾರೀಕಿನ ಕೆಳಗೆ ತಾರೀಕು, ಹತ್ತಾರು ವರ್ಷದ ತಾರೀಕುಗಳು. ಪ್ರತಿಯೊಂದರ ಮುಂದೆಯೂ ಅದೇ ಮಾತು: ದೋಷ ಸಿಕ್ಕಿಲ್ಲ, ಮತ್ತೆ ಕೇಳಬೇಕು. ದೋಷ ಸಿಕ್ಕಿಲ್ಲ, ಮತ್ತೆ ಕೇಳಬೇಕು. ಕೊನೆಯ ತಾರೀಕು ಆಸ್ಪತ್ರೆಗೆ ಸೇರುವ ಹಿಂದಿನ ದಿನದ್ದು. ಅಕ್ಷರ ನಡುಗಿತ್ತು. ದೋಷ ಇಲ್ಲ. ಟೈಲರ್‌ಗೆ ತಿಳಿಯಬಾರದು.

ಹಾಡು ಕೊನೆಯ ಸುತ್ತಿಗೆ ಬಂದಿತ್ತು. ಟೈಲರ್ ಕಾಗದದ ಮೇಲೆ ಹೆಬ್ಬೆರಳು ಅಡ್ಡ ಇಟ್ಟುಕೊಂಡ. ಪಕ್ಕದಲ್ಲಿ ಹಣಕುತ್ತಿದ್ದ ಕಂಪನಿಯವನಿಗೆ ಕಾಣದ ಹಾಗೆ ಎದೆಗೆ ಹತ್ತಿರ ಹಿಡಿದುಕೊಂಡ.

"ಮತ್ತೆ ಈಗ ಬರ್ತಿರೋ ಹಾಡಿಗೆ?" ಬೇಕರಿಯವನು ಬಿಡಲಿಲ್ಲ. "ಈ ಹಾಡಿಗೆ ಏನು ಬರೆದಿದಾನೆ? ಗೆರೆ ಸವೆದಿರೋದು ಇದರದ್ದೇ ಅಲ್ವಾ?"

ಹೆಂಡತಿಯೂ ಅದೇ ಪ್ರಶ್ನೆಯ ಕಣ್ಣಿನಿಂದ ನೋಡುತ್ತಿದ್ದಳು.

"ಬರೆದಿದಾನೆ," ಟೈಲರ್ ಕಾಗದದಿಂದ ಕಣ್ಣೆತ್ತದೆ ಹೇಳಿದ. "ಡ್ರಮ್ಮು ತಡ."

"ಏನು?"

"ಡ್ರಮ್ಮು ಅರ್ಧ ಚಣ ತಡವಾಗಿ ಬೀಳ್ತದೆ. ಮೊದಲಿಂದ ಕೊನೆತನಕ. ಇಪ್ಪತ್ತು ಸಲ ಕೇಳಿ ಇಪ್ಪತ್ತು ಸಲವೂ ಅದೇ ಬರೆದಿದಾನೆ."

"ತಡ ಎಲ್ಲಿದೆಯೋ? ಈ ಡ್ರಮ್ಮಿಗೆ ಸಾಟಿಯಿಲ್ಲ ಅಂತ ಬಾಯಿ ಬಡ್ಕೋತಿದ್ದೋನು ನೀನೇ ಅಲ್ವೇನೋ?"

"ನಾನು ಅಂತಿದ್ದೆ. ನನ್ನದು ಟೈಲರ್ ಕಿವಿ. ಅವನು ಗೋಡೆಗೆ ಕಿವಿಯಿಟ್ಟು ರಾಟೆ ಸವೆತ ಹೇಳ್ತಿದ್ದ. ಅವನು ತಡ ಅಂದ್ರೆ ತಡ."

ಮಗಳು ಕೈ ಚಾಚಿದಳು. "ಮಾಮ, ಅದನ್ನ ನನಗೆ ಕೊಡಿ. ಜೋಪಾನವಾಗಿ ಇಟ್ಕೋತೀನಿ."

ಅವಳು ಓದಿಯೇ ಓದುತ್ತಾಳೆ. ಅಕ್ಷರ ಕಂಡರೆ ಬಿಡುವವಳಲ್ಲ. ಟೈಲರ್ ಕಾಗದವನ್ನು ನಾಲ್ಕಾಗಿ ಮಡಿಸಿದ. "ಇಲ್ಲಮ್ಮ. ಇದು ನನ್ನ ಮೇಲಿನ ದೂರು. ನಾನೂ ಅಲ್ಲಿಗೆ ಹೋದಾಗ ಅವನ ಕೈಯಲ್ಲಿ ಇದಿರ್ಬೇಕು, ಇಲ್ಲದಿದ್ರೆ ಜಗಳ ಎಲ್ಲಿಂದ ಶುರು ಮಾಡ್ತೀವಿ?"

ಮಗಳು ತಾಯಿಯ ಕಡೆ ನೋಡಿದಳು. "ಅಣ್ಣ ಹೇಳಿದ ಹಾಗೆ ಆಗ್ಲಿ," ಅಂದಳು ತಾಯಿ. ಟೈಲರ್ ಮಡಿಕೆಯನ್ನು ಗೆಳೆಯನ ತಣ್ಣನೆಯ ಅಂಗೈ ಕೆಳಗೆ ತೂರಿಸಿದ. ಕಂಪನಿಯವರಿಬ್ಬರು ಮುಚ್ಚಳ ಎತ್ತಿ ಮುಚ್ಚಿದರು. ಹಾಡು ಮುಗಿದು ಚರಚರ ಸದ್ದಷ್ಟೇ ಉಳಿಯಿತು.

"ಇನ್ನೂ ಐದು ನಿಮಿಷ ಇದೆ," ಎಂದಳು ಪ್ಲೇಯರ್ ಹೆಂಗಸು.

"ಇನ್ನೊಮ್ಮೆ ಹಾಕಮ್ಮ," ಅಂದ ಬೇಕರಿಯವನು. "ಆ ತಡ ಎಲ್ಲಿದೆ ಅಂತ ನಾನೂ ನೋಡೇಬಿಡ್ತೀನಿ."

ಮತ್ತೆ ಮೂರು ಸ್ವರ ಕೇಳಿಸಿತು. ಇಪ್ಪತ್ತೆರಡು ಜನ ಕತ್ತು ವಾಲಿಸಿ ಕಿವಿಗೊಟ್ಟರು. ಡ್ರಮ್ಮು ಬಂತು. ಎಲ್ಲಿ ಬೀಳಬೇಕೋ ಅಲ್ಲೇ ಬಿತ್ತು. ಲೋಕದಲ್ಲಿ ಇನ್ನಾವ ಡ್ರಮ್ಮೂ ಹಾಗೆ ಬಿದ್ದಿಲ್ಲವೆಂದು ಟೈಲರ್‌ಗೆ ಆಗಲೂ ಗೊತ್ತಿತ್ತು. ಅವನು ಬಗ್ಗಿ ಎರಡು ಬೆರಳಿನಿಂದ ಪೆಟ್ಟಿಗೆಯ ಮುಚ್ಚಳದ ಮೇಲೆ ತಾಳ ಹಾಕತೊಡಗಿದ. ಎಲ್ಲರಿಗೂ ಕೇಳಿಸುವ ಹಾಗೆ, ಪ್ರತಿ ಪೆಟ್ಟಿಗೂ ಕೂದಲೆಳೆಯಷ್ಟು ಮುಂಚಿತವಾಗಿ. ಬೆರಳು ಮೊದಲು, ಅದರ ಬೆನ್ನಿಗೆ ಡ್ರಮ್ಮು. ಬೆರಳು ಮೊದಲು, ಅದರ ಬೆನ್ನಿಗೆ ಡ್ರಮ್ಮು.

"ಹೌದಲ್ಲೋ," ಎಂದ ಬೇಕರಿಯವನು ಸ್ವಲ್ಪ ಹೊತ್ತಿನ ಮೇಲೆ, ದನಿ ಇಳಿಸಿ. "ತಡಾನೇ."

"ನನಗೂ ಕೇಳಿಸ್ತಿದೆ," ಎಂದಳು ಹೆಂಡತಿ. ನೆಟ್ಟಗೆ ಕುಳಿತು ಸುತ್ತಲಿನವರನ್ನು ಒಮ್ಮೆ ನೋಡಿದಳು. ಪೆಟ್ಟಿಗೆ ಮೆಲ್ಲಗೆ ಒಳಕ್ಕೆ ಸರಿಯಲು ಶುರುವಾಯಿತು. ಟೈಲರ್ ಅದರ ಜೊತೆ ಜೊತೆಗೇ ಹೆಜ್ಜೆ ಹಾಕಿದ, ಬಾಗಿಲು ಬರುವ ತನಕ ತಾಳ ತಪ್ಪಿಸುತ್ತಾ.